ಒಂದು ರೇಖೆಗೆ ಲಂಬವಾದ ರೇಖೆಯ ಸಮೀಕರಣ ಬರೆಯುವುದು ಹೇಗೆ: ಬುಡದಿಂದ ಪೂರ್ತಿ ಮಾರ್ಗದರ್ಶಿ

ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: 2x + 3y = 12 ಎಂಬ ರೇಖೆಗೆ ಲಂಬವಾಗಿ, (4, 5) ಬಿಂದುವಿನ ಮೂಲಕ ಹೋಗುವ ರೇಖೆಯ ಸಮೀಕರಣ ಬರೆಯಿರಿ. ಮೊದಲ ಪಿಯುಸಿಯ ಸರಳರೇಖೆಗಳ ಪಾಠದಲ್ಲಿ ಇದು ಬಂದೇ ಬರುತ್ತದೆ. ಅಲ್ಲಿಗೇ ಮುಗಿಯುವುದೂ ಇಲ್ಲ. ವೃತ್ತದ ಸ್ಪರ್ಶಕ, ತ್ರಿಭುಜದ ಎತ್ತರ, ಒಂದು ಬಿಂದುವಿನಿಂದ ರೇಖೆಗೆ ಇರುವ ದೂರ, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬ, ಇವೆಲ್ಲದರ ಒಳಗೂ ಇದೇ ಲೆಕ್ಕ ಕೂತಿರುತ್ತದೆ.

ಹೆಚ್ಚಿನ ಮಕ್ಕಳು "ಇಳಿಜಾರುಗಳ ಗುಣಲಬ್ಧ −1" ಎಂಬ ಒಂದೇ ಸಾಲನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಸುಮಾರು ಲೆಕ್ಕಗಳಿಗೆ ಅದು ಸಾಕು. ಆದರೆ x = 5 ಅಂತ ಒಂದು ನೆಟ್ಟಗೆ ನಿಂತ ರೇಖೆ ಕೊಟ್ಟ ಕೂಡಲೇ ಕೈ ನಿಂತುಬಿಡುತ್ತದೆ, ಏಕೆಂದರೆ ಆ ರೇಖೆಗೆ ಇಳಿಜಾರೇ ಇಲ್ಲ. ಹಾಗಾಗಿ ಸೂತ್ರಕ್ಕಿಂತ ಮೊದಲು ಆ ಸೂತ್ರ ಎಲ್ಲಿಂದ ಬಂತು ಅಂತ ನೋಡೋಣ. ಅದು ಗೊತ್ತಾದರೆ ಮರೆತುಹೋದಾಗ ನೀವೇ ಮತ್ತೆ ಕಟ್ಟಿಕೊಳ್ಳಬಹುದು. ಒಂದು ಗ್ರಾಫ್ ಹಾಳೆ, ಪೆನ್ಸಿಲ್ ಹತ್ತಿರ ಇಟ್ಟುಕೊಂಡು ಓದಿ. ಸುಮ್ನೆ ಕಣ್ಣಾಡಿಸಿದರೆ ಇದು ತಲೆಗೆ ಹತ್ತುವುದಿಲ್ಲ.

ಮೊದಲು: ನಮಗೆ ಏನೇನು ಬೇಕು?

ಒಂದು ರೇಖೆಯನ್ನು ಗುರುತಿಸಲು ಎರಡು ವಿಷಯ ಸಾಕು. ಅದು ಯಾವ ದಿಕ್ಕಿಗೆ ಹೋಗುತ್ತದೆ, ಮತ್ತು ಎಲ್ಲಿ ಹಾದುಹೋಗುತ್ತದೆ. ಕೊಟ್ಟಿರುವ ರೇಖೆ ನಮಗೆ ದಿಕ್ಕನ್ನು ಕೊಡುತ್ತದೆ. ಕೊಟ್ಟಿರುವ ಬಿಂದು ಜಾಗವನ್ನು ಕೊಡುತ್ತದೆ. ಬಿಂದು ಕೊಡದೆ ಬರೀ "ಲಂಬವಾದ ರೇಖೆ ಬರೆಯಿರಿ" ಅಂದರೆ ಉತ್ತರಗಳಿಗೆ ಕೊನೆಯೇ ಇಲ್ಲ. ಒಂದಕ್ಕೊಂದು ಸಮಾಂತರವಾಗಿ ಸಾಲುಸಾಲು ರೇಖೆಗಳು ಸಿಗುತ್ತವೆ. ಬಿಂದು ಕೊಟ್ಟ ಕ್ಷಣ ಒಂದೇ ಒಂದು ಉಳಿಯುತ್ತದೆ.

ಆ ಬಿಂದು ರೇಖೆಯ ಮೇಲೇ ಇರಬಹುದು, ಹೊರಗೂ ಇರಬಹುದು. ಹಳೆಯ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಪುಸ್ತಕದಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಬಿಡಿಸಿದ್ದಾನೆ. ಅಲ್ಲಿನ 11ನೆಯ ಪ್ರಮೇಯ ರೇಖೆಯ ಮೇಲಿನ ಬಿಂದುವಿಗೆ, 12ನೆಯದು ಹೊರಗಿನ ಬಿಂದುವಿಗೆ. ಕೈವಾರ ಹಿಡಿದು ಚಿತ್ರ ಬರೆಯುವಾಗ ಅವು ಎರಡು ಬೇರೆ ಕೆಲಸ. ಸಮೀಕರಣ ಬರೆಯುವಾಗ ಮಾತ್ರ ಯಾವ ವ್ಯತ್ಯಾಸವೂ ಇಲ್ಲ, ಎರಡಕ್ಕೂ ಅದೇ ದಾರಿ.

ಇಳಿಜಾರು ಅಂದರೆ ಒಂದು ಹೆಜ್ಜೆ

ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವಾಗ ಬಲಕ್ಕೆ ಎಷ್ಟು ಸರಿದೆವು, ಮೇಲಕ್ಕೆ ಎಷ್ಟು ಏರಿದೆವು ಅಂತ ನೋಡಿ. (1, 2) ರಿಂದ (5, 4) ಕ್ಕೆ ಹೋದರೆ ಬಲಕ್ಕೆ 4, ಮೇಲಕ್ಕೆ 2. ಇದನ್ನು ನಾನು (4, 2) ಎಂಬ ಹೆಜ್ಜೆ ಅನ್ನುತ್ತೇನೆ. ಎರಡೂ ಅಂಕಿಗಳನ್ನು 2ರಿಂದ ಭಾಗಿಸಿ (2, 1) ಅಂದರೂ ದಿಕ್ಕು ಅದೇ. ಮೇಲಕ್ಕೆ ಏರಿದ್ದನ್ನು ಬಲಕ್ಕೆ ಸರಿದಿದ್ದರಿಂದ ಭಾಗಿಸಿದರೆ ಇಳಿಜಾರು: 2/4, ಅಂದರೆ 1/2. ಪುಸ್ತಕದಲ್ಲಿ ಇದನ್ನೇ m ಅಂತ ಬರೆಯುತ್ತಾರೆ. ಕೆಳಕ್ಕೆ ಇಳಿದರೆ ಮೈನಸ್.

ಸಮೀಕರಣದಿಂದ ಇಳಿಜಾರು ತೆಗೆಯಬೇಕಾದರೆ y ಒಂದನ್ನೇ ಎಡಗಡೆ ಉಳಿಸಿಕೊಳ್ಳಬೇಕು. y = mx + c ಆಕಾರಕ್ಕೆ ಬಂದ ಮೇಲೆ x ಮುಂದೆ ಇರುವ ಅಂಕಿಯೇ ಇಳಿಜಾರು. ಈ ಆಕಾರಕ್ಕೆ ತರದೆ x ಮುಂದಿನ ಅಂಕಿಯನ್ನು ನೇರವಾಗಿ ಎತ್ತಿಕೊಳ್ಳಬಾರದು. 4x − 2y = 7 ರಲ್ಲಿ ಇಳಿಜಾರು 4 ಅಲ್ಲ. −2y = −4x + 7, ಆಮೇಲೆ y = 2x − 7/2. ಇಳಿಜಾರು 2.

ಲಂಬ ಅಂದರೆ ಆ ಹೆಜ್ಜೆಯನ್ನು ತಿರುಗಿಸುವುದು

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಮೂಲಬಿಂದುವಿನಿಂದ (3, 1) ಕ್ಕೆ ಒಂದು ಗೆರೆ ಎಳೆಯಿರಿ. ಅದು ಬಲಕ್ಕೆ 3, ಮೇಲಕ್ಕೆ 1. ಈಗ ಹಾಳೆಯನ್ನು ಎಡಗಡೆಗೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ, ಕಾಲು ಸುತ್ತು ತಿರುಗಿಸಿ ಅದೇ ಗೆರೆಯನ್ನು ನೋಡಿ. ಬಲಕ್ಕೆ ಹೋಗುತ್ತಿದ್ದ 3 ಮನೆ ಈಗ ಮೇಲಕ್ಕೆ ಹೋಗುತ್ತದೆ. ಮೇಲಕ್ಕೆ ಹೋಗುತ್ತಿದ್ದ 1 ಮನೆ ಎಡಕ್ಕೆ ಹೋಗುತ್ತದೆ. ಅಂದರೆ ಗೆರೆಯ ತುದಿ (−1, 3) ರಲ್ಲಿ ಇರುತ್ತದೆ. ಹಾಳೆಯನ್ನು ಮತ್ತೆ ನೇರ ಮಾಡಿ, (−1, 3) ಬಿಂದು ಗುರುತಿಸಿ, ಮೂಲಬಿಂದುವಿನಿಂದ ಅಲ್ಲಿಗೆ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ಸರಿಯಾಗಿ 90 ಡಿಗ್ರಿ ಸಿಗುತ್ತದೆ.

ಇಡೀ ಪಾಠ ಇಷ್ಟೇ: (a, b) ಹೆಜ್ಜೆಗೆ ಲಂಬವಾದ ಹೆಜ್ಜೆ (−b, a). ಅಂಕಿಗಳು ಜಾಗ ಬದಲಾಯಿಸುತ್ತವೆ, ಒಂದರ ಚಿಹ್ನೆ ಬದಲಾಗುತ್ತದೆ. ಯಾವುದರ ಚಿಹ್ನೆ ಬದಲಾಯಿಸಿದರೂ ಪರವಾಗಿಲ್ಲ, (b, −a) ಅಂದರೂ ಅದೇ ರೇಖೆ, ಎದುರು ದಿಕ್ಕು ಅಷ್ಟೇ. ಆದರೆ ಎರಡರದ್ದೂ ಬದಲಾಯಿಸಬಾರದು.

ಇದನ್ನು ಇಳಿಜಾರಿನ ಮಾತಿಗೆ ತಿರುಗಿಸಿ. ಮೊದಲ ಹೆಜ್ಜೆಯ ಇಳಿಜಾರು b/a. ತಿರುಗಿಸಿದ ಹೆಜ್ಜೆಯದ್ದು a/(−b), ಅಂದರೆ −a/b. ಎರಡನ್ನೂ ಗುಣಿಸಿದರೆ −1. ಬಾಯಿಪಾಠದ ಸಾಲು ಇಲ್ಲಿಂದ ಬಂತು ನೋಡಿ. m ಇದ್ದದ್ದು −1/m ಆಗುತ್ತದೆ: ತಲೆಕೆಳಗು ಮಾಡು, ಚಿಹ್ನೆ ಬದಲಾಯಿಸು.

ಹಾಳೆ ತಿರುಗಿಸಿದ್ದು ಸಾಲದು, ಬೀಜಗಣಿತದಲ್ಲೇ ಸಾಧನೆ ಬೇಕು ಅನ್ನುವವರಿಗೆ ಇದೂ ಇದೆ. ಮೂಲಬಿಂದುವಿನಿಂದ ಹೊರಟ ಎರಡು ರೇಖೆಗಳ ಮೇಲೆ (1, m₁) ಮತ್ತು (1, m₂) ಬಿಂದುಗಳನ್ನು ತೆಗೆದುಕೊಳ್ಳಿ. ಮೂಲಬಿಂದುವಿನಿಂದ ಅವುಗಳ ದೂರದ ವರ್ಗ 1 + m₁² ಮತ್ತು 1 + m₂². ಎರಡೂ x = 1 ರ ಮೇಲೇ ಇರುವುದರಿಂದ ಅವುಗಳ ನಡುವಿನ ದೂರದ ವರ್ಗ (m₁ − m₂)². ಮೂಲಬಿಂದುವಿನಲ್ಲಿ ಲಂಬಕೋನ ಇರಬೇಕಾದರೆ ಮೊದಲೆರಡರ ಮೊತ್ತ ಮೂರನೆಯದಕ್ಕೆ ಸಮ ಆಗಬೇಕು. ಶಾಲೆಯಲ್ಲಿ ಪೈಥಾಗೊರಸ್ ಹೆಸರಲ್ಲಿ ಕಲಿಯುತ್ತೇವಲ್ಲ, ಬೌಧಾಯನ ಶುಲ್ಬಸೂತ್ರದಲ್ಲೂ ಆಯತದ ಕರ್ಣದ ಬಗ್ಗೆ ಇದೇ ಮಾತು ಬರುತ್ತದೆ. ಬಿಡಿಸಿದರೆ 2 + m₁² + m₂² = m₁² − 2m₁m₂ + m₂². ಎರಡೂ ಕಡೆ ಇರುವುದನ್ನು ಹೊಡೆದುಹಾಕಿದರೆ ಉಳಿಯುವುದು m₁m₂ = −1. ಮನೆಯ ಪಾಯ ಗುರುತು ಹಾಕುವಾಗ ಮೇಸ್ತ್ರಿಗಳು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಅಳೆದು, ಅಡ್ಡ 5 ಅಡಿ ಬರುತ್ತದಾ ಅಂತ ಟೇಪ್ ಹಿಡಿದು ನೋಡುವುದೂ ಇದೇ ನಿಯಮದ ಮೇಲೆ.

ಈಗ ಲೆಕ್ಕ, ಹಂತ ಹಂತವಾಗಿ

ಮೇಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ರೇಖೆ 2x + 3y = 12, ಬಿಂದು (4, 5).

ಹಂತ 1. y ಯನ್ನು ಒಂಟಿ ಮಾಡಿ. 3y = −2x + 12, ಹಾಗಾಗಿ y = −(2/3)x + 4. ಕೊಟ್ಟ ರೇಖೆಯ ಇಳಿಜಾರು −2/3. ಕೊನೆಯ 4 ನಮಗೆ ಬೇಡ. ಅದು ಹಳೆಯ ರೇಖೆ y ಅಕ್ಷವನ್ನು ಎಲ್ಲಿ ದಾಟುತ್ತದೆ ಅಂತ ಹೇಳುತ್ತದೆ, ಹೊಸ ರೇಖೆಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆ 4 ಅನ್ನು ಹಾಗೇ ಹೊಸ ಸಮೀಕರಣಕ್ಕೆ ಎಳೆದುಕೊಂಡು ಬರುವುದು ಉತ್ತರಪತ್ರಿಕೆಗಳಲ್ಲಿ ತುಂಬ ಸಾಮಾನ್ಯ.

ಹಂತ 2. ತಲೆಕೆಳಗು ಮಾಡಿ, ಚಿಹ್ನೆ ಬದಲಾಯಿಸಿ. −2/3 ತಲೆಕೆಳಗಾದರೆ −3/2. ಚಿಹ್ನೆ ಬದಲಾದರೆ 3/2. ಇಲ್ಲೇ ಒಂದು ಸಲ ಗುಣಿಸಿ ನೋಡಿ: (−2/3) × (3/2) = −1. ಸರಿ ಇದೆ. ಐದು ಸೆಕೆಂಡಿನ ಕೆಲಸ, ಮುಂದಿನ ಇಡೀ ಲೆಕ್ಕ ಉಳಿಯುತ್ತದೆ.

ಹಂತ 3. ಬಿಂದುವನ್ನು ಸೇರಿಸಿ. ಇಳಿಜಾರು m, ಬಿಂದು (x₁, y₁) ಇದ್ದರೆ y − y₁ = m(x − x₁). ಇದನ್ನೂ ಸುಮ್ನೆ ನಂಬಬೇಕಿಲ್ಲ. ರೇಖೆಯ ಮೇಲಿನ ಯಾವುದೇ (x, y) ಗೆ ಏರಿದ್ದು y − y₁, ಸರಿದಿದ್ದು x − x₁, ಅವುಗಳ ಭಾಗಲಬ್ಧ m. ಇಳಿಜಾರಿನ ಅರ್ಥವನ್ನೇ ಅಡ್ಡಗೆರೆ ಇಲ್ಲದೆ ಬರೆದಿದ್ದೇವೆ, ಅಷ್ಟೇ. ನಮ್ಮ ಲೆಕ್ಕದಲ್ಲಿ y − 5 = (3/2)(x − 4).

ಹಂತ 4. ಭಿನ್ನರಾಶಿ ತೆಗೆದು ಚೊಕ್ಕ ಮಾಡಿ. ಎರಡೂ ಕಡೆ 2ರಿಂದ ಗುಣಿಸಿ: 2y − 10 = 3x − 12. ಒಂದೇ ಕಡೆ ತಂದರೆ 3x − 2y − 2 = 0.

ಹಂತ 5. ಪರೀಕ್ಷಿಸಿ. (4, 5) ಹಾಕಿ: 12 − 10 − 2 = 0. ಬಿಂದು ರೇಖೆಯ ಮೇಲಿದೆ. ಇಳಿಜಾರನ್ನು ಉತ್ತರದಿಂದಲೇ ಮತ್ತೆ ತೆಗೆಯಿರಿ: 2y = 3x − 2, ಹಾಗಾಗಿ 3/2. ಎರಡೂ ಸರಿಹೊಂದಿದರೆ ಉತ್ತರ ಸರಿ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಒಂದು ರೇಖೆಗೆ ಬೇಕಾದ್ದು ದಿಕ್ಕು ಮತ್ತು ಜಾಗ ಅಂದೆವಲ್ಲ, ಆ ಎರಡನ್ನೂ ಪರೀಕ್ಷಿಸಿ ಆಯಿತು.

ಎಡವುವ ಜಾಗಗಳು

ತಲೆಕೆಳಗು ಮಾಡಿ ಚಿಹ್ನೆ ಮರೆಯುವುದು, ಅಥವಾ ಚಿಹ್ನೆ ಬದಲಾಯಿಸಿ ತಲೆಕೆಳಗು ಮಾಡದಿರುವುದು, ಇವೆರಡೂ ಹಂತ 2ರ ಗುಣಾಕಾರದಲ್ಲೇ ಸಿಕ್ಕಿಬೀಳುತ್ತವೆ. ಇಳಿಜಾರು ಪೂರ್ಣಾಂಕವಾಗಿದ್ದಾಗ ಕೆಲವರು ತಡವರಿಸುತ್ತಾರೆ. 5 ಅಂದರೆ 5/1, ತಿರುಗಿಸಿದರೆ −1/5. ದಶಮಾಂಶದಲ್ಲಿ ಕೊಟ್ಟಿದ್ದರೆ ಮೊದಲು ಭಿನ್ನರಾಶಿ ಮಾಡಿಕೊಳ್ಳಿ: 0.75 ಅಂದರೆ 3/4, ಲಂಬಕ್ಕೆ −4/3. ಇದನ್ನು −1.33 ಅಂತ ಬರೆದರೆ ಉತ್ತರ ಕೆಟ್ಟಿತು, ಗುಣಿಸಿದರೆ −1 ಬರುವುದಿಲ್ಲ.

ಬಿಂದುವಿನಲ್ಲಿ ಮೈನಸ್ ಇದ್ದಾಗ ಇನ್ನೂ ಹುಷಾರಾಗಿರಬೇಕು. (−3, 2) ಕೊಟ್ಟಿದ್ದರೆ x − (−3), ಅಂದರೆ x + 3. ಮೊದಲು ಆವರಣ ಹಾಕಿ ಬರೆದು, ಆಮೇಲೆ ಬಿಡಿಸಿದರೆ ತಪ್ಪಾಗುವುದಿಲ್ಲ.

ಒಂದೇ ಸಾಲಿನ ದಾರಿ

ಮೇಲಿನ ಲೆಕ್ಕದಲ್ಲಿ ಒಂದು ವಿಷಯ ಗಮನಿಸಿದಿರಾ? ಕೊಟ್ಟಿದ್ದು 2x + 3y, ಉತ್ತರ ಬಂದದ್ದು 3x − 2y. ಸಹಗುಣಕಗಳು ಜಾಗ ಬದಲಾಯಿಸಿವೆ, ಒಂದರ ಚಿಹ್ನೆ ಬದಲಾಗಿದೆ. ಅದೇ ತಿರುಗಿಸಿದ ಹೆಜ್ಜೆ, ಬೇರೆ ಬಟ್ಟೆಯಲ್ಲಿ. ax + by + c = 0 ಎಂಬ ಯಾವುದೇ ರೇಖೆಗೆ ಲಂಬವಾದ ರೇಖೆ bx − ay = k ಆಕಾರದಲ್ಲೇ ಇರುತ್ತದೆ. k ಸಿಗಬೇಕಾದರೆ ಬಿಂದುವನ್ನು ಹಾಕಿದರೆ ಆಯಿತು.

ಉದಾಹರಣೆಗೆ 5x − 7y + 3 = 0, ಬಿಂದು (−2, 1). ಇಲ್ಲಿ a = 5, b = −7. bx − ay ಅಂದರೆ −7x − 5y. ಇಡೀ ಸಾಲಿನ ಚಿಹ್ನೆ ಬದಲಾಯಿಸಿ 7x + 5y = k ಅಂತ ಇಟ್ಟುಕೊಳ್ಳೋಣ. ಬಿಂದು ಹಾಕಿದರೆ −14 + 5 = −9. ಉತ್ತರ 7x + 5y + 9 = 0. ಒಂದೂ ಭಿನ್ನರಾಶಿ ಬರಲಿಲ್ಲ, ಅಲ್ವಾ?

ಇದು ಏಕೆ ಕೆಲಸ ಮಾಡುತ್ತದೆ ಅಂದರೆ, ax + by + c = 0 ರೇಖೆಯಲ್ಲಿ x ಅನ್ನು b ಯಷ್ಟು ಹೆಚ್ಚಿಸಿ y ಯನ್ನು a ಯಷ್ಟು ಕಡಿಮೆ ಮಾಡಿದರೆ ab − ab = 0, ಮೊತ್ತ ಬದಲಾಗುವುದಿಲ್ಲ, ಅಂದರೆ ರೇಖೆಯ ಮೇಲೇ ಇರುತ್ತೇವೆ. ಹಾಗಾದರೆ ರೇಖೆಯ ಹೆಜ್ಜೆ (b, −a). ಅದನ್ನು ಕಾಲು ಸುತ್ತು ತಿರುಗಿಸಿದರೆ (a, b). ಸಮೀಕರಣದಲ್ಲಿ ಕಣ್ಣೆದುರೇ ಇರುವ ಆ ಎರಡು ಸಹಗುಣಕಗಳು ಲಂಬದ ದಿಕ್ಕನ್ನೇ ತೋರಿಸುತ್ತಿವೆ! ಇಡೀ ಪಾಠದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. 2x + 3y = 12 ಅಂತ ನೋಡಿದ ತಕ್ಷಣ, ಈ ರೇಖೆಗೆ ಲಂಬವಾಗಿ ಹೋಗಬೇಕಾದರೆ ಬಲಕ್ಕೆ 2, ಮೇಲಕ್ಕೆ 3 ಅಂತ ಹೇಳಬಹುದು.

ಬೋರ್ಡ್ ಪರೀಕ್ಷೆಯಲ್ಲಿ ಹಂತಕ್ಕೆ ಇಷ್ಟು ಅಂತ ಅಂಕ ಕೊಡುವುದರಿಂದ ಅಲ್ಲಿ ಇಳಿಜಾರಿನ ದಾರಿಯಲ್ಲೇ ಬರೆಯಿರಿ, ಈ ದಾರಿಯಲ್ಲಿ ಪರೀಕ್ಷಿಸಿಕೊಳ್ಳಿ. ಸಿಇಟಿಯಂತಹ ಬಹು ಆಯ್ಕೆಯ ಪರೀಕ್ಷೆಯಲ್ಲಾದರೆ ಈ ಒಂದೇ ಸಾಲು ಸಾಕು, ಎಷ್ಟೋ ಸಲ x, y ಗಳ ಸಹಗುಣಕ ನೋಡಿಯೇ ಎರಡು ಮೂರು ಆಯ್ಕೆಗಳನ್ನು ಹೊಡೆದುಹಾಕಬಹುದು.

ಮಲಗಿದ ರೇಖೆ, ನಿಂತ ರೇಖೆ

y = 4 ಎಂಬುದು x ಅಕ್ಷಕ್ಕೆ ಸಮಾಂತರವಾಗಿ ಮಲಗಿದ ರೇಖೆ. ಇಳಿಜಾರು 0. −1/0 ಅಂತ ಬರೆಯಲು ಆಗುವುದಿಲ್ಲ. ಆದರೆ ಚಿತ್ರ ನೆನೆಸಿಕೊಳ್ಳಿ: ಮಲಗಿದ ರೇಖೆಗೆ ಲಂಬ ಅಂದರೆ ನಿಂತ ರೇಖೆ. (3, −2) ಮೂಲಕ ಹೋಗುವ ನಿಂತ ರೇಖೆ x = 3. ಅದೇ ರೀತಿ x = −1 ಕ್ಕೆ ಲಂಬವಾಗಿ (6, 5) ಮೂಲಕ ಹೋಗುವುದು y = 5.

ಯಾವ ಅಂಕಿ ಬಳಸಬೇಕು ಅಂತ ಗೊಂದಲವಾದರೆ, ನಿಂತ ರೇಖೆಯಲ್ಲಿ x ಬದಲಾಗುವುದಿಲ್ಲ, ಹಾಗಾಗಿ ಬಿಂದುವಿನ x. ಮಲಗಿದ ರೇಖೆಯಲ್ಲಿ y ಬದಲಾಗುವುದಿಲ್ಲ, ಹಾಗಾಗಿ ಬಿಂದುವಿನ y. ಒಂದೇ ಸಾಲಿನ ದಾರಿಗೆ ಈ ತೊಂದರೆಯೇ ಇಲ್ಲ. y = 4 ಅಂದರೆ 0x + 1y = 4. ಅದಲು ಬದಲು ಮಾಡಿದರೆ 1x − 0y = k, ಅಂದರೆ x = k. ಭಾಗಾಕಾರವೇ ಇಲ್ಲದ ಕಡೆ ಸೊನ್ನೆಯಿಂದ ಭಾಗಿಸುವ ಪ್ರಶ್ನೆ ಬರುವುದಿಲ್ಲ.

ಸಮೀಕರಣ ಕೊಡದೆ ಎರಡು ಬಿಂದು ಕೊಟ್ಟರೆ

ಅ(−1, 3), ಬ(5, −1) ಅಂತ ಎರಡು ಬಿಂದು. ಅಬ ಗೆ ಲಂಬವಾಗಿ, ಅದರ ಮಧ್ಯಬಿಂದುವಿನ ಮೂಲಕ ಹೋಗುವ ರೇಖೆ ಬೇಕು. ಇದೇ ಲಂಬಾರ್ಧಕ.

ಅಬ ರೇಖೆಯ ಸಮೀಕರಣ ಬರೆಯುವ ಅಗತ್ಯವೇ ಇಲ್ಲ. ಹೆಜ್ಜೆ ನೋಡಿ: ಬಲಕ್ಕೆ 6, ಕೆಳಕ್ಕೆ 4, ಅಂದರೆ (6, −4), ಚಿಕ್ಕದು ಮಾಡಿದರೆ (3, −2). ಸಹಗುಣಕಗಳು ಲಂಬದ ದಿಕ್ಕನ್ನು ತೋರಿಸುತ್ತವೆ ಅಂದೆವಲ್ಲ. ಹಾಗಾದರೆ (3, −2) ದಿಕ್ಕಿಗೆ ಲಂಬವಾದ ರೇಖೆಯ ಸಹಗುಣಕಗಳು 3 ಮತ್ತು −2 ಆಗಿರಲೇಬೇಕು: 3x − 2y = k. ಮಧ್ಯಬಿಂದು (2, 1) ಹಾಕಿದರೆ k = 4. ಲಂಬಾರ್ಧಕ 3x − 2y = 4.

ಲಂಬಾರ್ಧಕದ ಮೇಲಿನ ಯಾವ ಬಿಂದುವೂ ಅ ಮತ್ತು ಬ ಗಳಿಂದ ಸಮಾನ ದೂರದಲ್ಲಿರಬೇಕು. (4, 4) ಈ ರೇಖೆಯ ಮೇಲಿದೆ, 12 − 8 = 4. ಅ ಯಿಂದ ದೂರದ ವರ್ಗ 25 + 1 = 26. ಬ ಯಿಂದ 1 + 25 = 26. ಸರಿಯಾಯಿತು.

ಈಗ ಕ(5, 9) ಎಂಬ ಮೂರನೆಯ ಬಿಂದು ಸೇರಿಸಿ ತ್ರಿಭುಜ ಮಾಡಿ. ಬ ಮತ್ತು ಕ ಎರಡರಲ್ಲೂ x = 5, ಹಾಗಾಗಿ ಬಕ ನಿಂತ ರೇಖೆ. ಅದರ ಮಧ್ಯಬಿಂದು (5, 4), ಲಂಬಾರ್ಧಕ y = 4. ಇದನ್ನು 3x − 2y = 4 ಕ್ಕೆ ಹಾಕಿದರೆ x = 4. ಎರಡೂ ಲಂಬಾರ್ಧಕಗಳು (4, 4) ರಲ್ಲಿ ಸೇರುತ್ತವೆ. ಮೂರೂ ಶೃಂಗಗಳ ಮೂಲಕ ಹೋಗುವ ವೃತ್ತದ ಕೇಂದ್ರ ಅದು, ತ್ರಿಜ್ಯ √26.

ಅದೇ ತ್ರಿಭುಜದ ಎತ್ತರಗಳನ್ನೂ ನೋಡಿಬಿಡೋಣ. ಇಲ್ಲಿ ಮಧ್ಯಬಿಂದುವಿನ ಬದಲು ಎದುರಿನ ಶೃಂಗ ಹಾಕಬೇಕು, ಬೇರೇನೂ ಬದಲಾಗುವುದಿಲ್ಲ. ಕ ಯಿಂದ ಅಬ ಗೆ: 3x − 2y = 15 − 18, ಅಂದರೆ 3x − 2y = −3. ಅ ಯಿಂದ ಬಕ ಗೆ: ಬಕ ನಿಂತಿದೆ, ಹಾಗಾಗಿ y = 3. ಇವೆರಡು ಸೇರುವುದು (1, 3) ರಲ್ಲಿ. ಮೂರನೆಯ ಎತ್ತರ ಬ ಯಿಂದ ಅಕ ಗೆ. ಅಕ ಯ ಹೆಜ್ಜೆ (6, 6), ಅಂದರೆ (1, 1). x + y = 5 − 1 = 4. (1, 3) ಹಾಕಿದರೆ 4 ಬಂತು. ಮೂರೂ ಎತ್ತರಗಳು ಒಂದೇ ಬಿಂದುವಿನಲ್ಲಿ ಸೇರಿದವು. ಇಂಥ ಲೆಕ್ಕಗಳಲ್ಲಿ ಮೂರನೆಯದು ಪುಕ್ಕಟೆ ಸಿಗುವ ಪರೀಕ್ಷೆ, ಬಿಡಬೇಡಿ.

ಲಂಬ ಬಂದು ತಾಗುವ ಜಾಗ ಮತ್ತು ಹತ್ತಿರದ ದಾರಿ

ಒಂದು ಕಾಲುವೆ ನೇರವಾಗಿ ಹೋಗುತ್ತಿದೆ ಅಂದುಕೊಳ್ಳಿ. ನಕ್ಷೆಯಲ್ಲಿ ಗ್ರಾಫಿನ ಒಂದು ಮನೆ ಅಂದರೆ 10 ಮೀಟರ್. ಕಾಲುವೆಯ ರೇಖೆ 3x + 4y = 24, ತೋಟದ ತೊಟ್ಟಿ (7, 7) ರಲ್ಲಿದೆ. ಅತಿ ಕಡಿಮೆ ಪೈಪಿನಲ್ಲಿ ನೀರು ತರಬೇಕು. ಎಲ್ಲಿಂದ ಎಳೆಯಬೇಕು, ಎಷ್ಟು ಉದ್ದ ಬೇಕು?

ಹತ್ತಿರದ ದಾರಿ ಯಾವಾಗಲೂ ಲಂಬ. ಬೇರೆ ಯಾವ ಓರೆ ದಾರಿ ತೆಗೆದುಕೊಂಡರೂ ಅದು ಒಂದು ಲಂಬಕೋನ ತ್ರಿಭುಜದ ಕರ್ಣವಾಗುತ್ತದೆ, ಕರ್ಣ ಉಳಿದೆರಡು ಬಾಹುಗಳಿಗಿಂತ ಜಾಸ್ತಿ ಉದ್ದ. ಹಾಗಾಗಿ (7, 7) ಮೂಲಕ ಹೋಗುವ ಲಂಬ ಬರೆಯಿರಿ: 4x − 3y = 28 − 21 = 7. ಈಗ ಎರಡೂ ರೇಖೆ ಸೇರುವ ಜಾಗ ಬೇಕು. ಮೊದಲನೆಯದನ್ನು 3ರಿಂದ, ಎರಡನೆಯದನ್ನು 4ರಿಂದ ಗುಣಿಸಿ: 9x + 12y = 72, 16x − 12y = 28. ಕೂಡಿದರೆ 25x = 100, x = 4. ಆಗ y = 3. ಕಾಲುವೆಯ ಮೇಲೆ (4, 3) ರಿಂದ ಪೈಪ್ ಎಳೆಯಬೇಕು. ದೂರ √(3² + 4²) = 5 ಮನೆ, ಅಂದರೆ 50 ಮೀಟರ್.

ಪುಸ್ತಕದಲ್ಲಿ ಬಿಂದುವಿನಿಂದ ರೇಖೆಗೆ ಇರುವ ದೂರಕ್ಕೆ ಸೂತ್ರ ಇದೆ: |ax₁ + by₁ + c| / √(a² + b²). ಇಲ್ಲಿ |21 + 28 − 24| / 5 = 25/5 = 5. ಹೊಂದಿತು. ಬರೀ ದೂರ ಬೇಕಾದರೆ ಸೂತ್ರ ಸಾಕು, ಎಲ್ಲಿಂದ ಅಂತಲೂ ಬೇಕಾದರೆ ಲಂಬದ ಸಮೀಕರಣ ಬೇಕೇ ಬೇಕು.

ಆ ರೇಖೆಯಲ್ಲಿ (7, 7) ರ ಪ್ರತಿಬಿಂಬ ಕೇಳಿದರೆ, (7, 7) ರಿಂದ (4, 3) ಕ್ಕೆ ಬಂದ ಹೆಜ್ಜೆಯನ್ನೇ ಇನ್ನೊಂದು ಸಲ ಇಡಿ. ಎಡಕ್ಕೆ 3, ಕೆಳಕ್ಕೆ 4: (1, −1).

ವೃತ್ತದ ಸ್ಪರ್ಶಕ, ವಕ್ರರೇಖೆಯ ಲಂಬ

ವೃತ್ತದ ಸ್ಪರ್ಶಕ ತಾಗುವ ಬಿಂದುವಿನಲ್ಲಿ ತ್ರಿಜ್ಯಕ್ಕೆ ಲಂಬವಾಗಿರುತ್ತದೆ, 10ನೇ ತರಗತಿಯಲ್ಲೇ ಓದಿರುತ್ತೀರಿ. ಕೇಂದ್ರ (2, −1), ತಾಗುವ ಬಿಂದು (5, 3). ತ್ರಿಜ್ಯದ ಹೆಜ್ಜೆ (3, 4). ಸ್ಪರ್ಶಕ 3x + 4y = 15 + 12 = 27. ಮುಗಿಯಿತು.

ವಕ್ರರೇಖೆಗಾದರೆ ಆ ಬಿಂದುವಿನಲ್ಲಿ ಇಳಿಜಾರು ಎಷ್ಟು ಅಂತ ಅವಕಲನದಿಂದ (ಡಿಫರೆನ್ಶಿಯೇಶನ್) ತೆಗೆದು, ಆಮೇಲೆ ಇದೇ ದಾರಿ. y = x² ಗೆ (1, 1) ರಲ್ಲಿ ಇಳಿಜಾರು 2. ಲಂಬದ್ದು −1/2, ಸಮೀಕರಣ x + 2y = 3. ಫ್ರೆಂಚ್ ಗಣಿತಜ್ಞ ರೆನೆ ದೆಕಾರ್ತ್ 1637ರಲ್ಲಿ ಪ್ರಕಟಿಸಿದ ‘ರೇಖಾಗಣಿತ’ ಎಂಬ ಕೃತಿಯಲ್ಲಿ, ವಕ್ರರೇಖೆಗೆ ಲಂಬ ಎಳೆಯುವ ಈ ಸಮಸ್ಯೆಯನ್ನೇ ತನಗೆ ಗೊತ್ತಿರುವವುಗಳಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಅಂತ ಕರೆದಿದ್ದಾನೆ. ಆಗಿನ್ನೂ ಅವಕಲನ ಇರಲಿಲ್ಲ, ಅವನು ವೃತ್ತಗಳನ್ನು ಬಳಸಿ ಅದನ್ನು ಬಿಡಿಸಿದ.

ಗ್ರಾಫಿನಲ್ಲಿ ನೋಡಿದಾಗ ಲಂಬ ಕಾಣದಿದ್ದರೆ

ಲೆಕ್ಕ ಸರಿ ಇದ್ದರೂ ಚಿತ್ರದಲ್ಲಿ 90 ಡಿಗ್ರಿ ಕಾಣದೆ ಹೋಗಬಹುದು. ಕಾರಣ ಬಹುತೇಕ ಒಂದೇ: ಎರಡು ಅಕ್ಷಗಳ ಪ್ರಮಾಣ ಬೇರೆಬೇರೆ. x ಅಕ್ಷದಲ್ಲಿ 1 ಸೆಂ.ಮೀ.ಗೆ 1, y ಅಕ್ಷದಲ್ಲಿ 1 ಸೆಂ.ಮೀ.ಗೆ 5 ಅಂತ ಇಟ್ಟುಕೊಂಡರೆ ಚಿತ್ರ ಒಂದು ಕಡೆಯಿಂದ ಹಿಸುಕಿದಂತಾಗಿ ಕೋನ ಕೆಡುತ್ತದೆ. ಲಂಬ ಪರೀಕ್ಷಿಸಲು ಎರಡಕ್ಕೂ ಒಂದೇ ಪ್ರಮಾಣ ಇಡಿ. ಜಿಯೋಜೀಬ್ರಾ, ಡೆಸ್ಮೋಸ್ ತರಹದ ಆ್ಯಪ್‌ನಲ್ಲಿ ಬರೆದು ನೋಡುವವರೂ ಇದನ್ನು ಗಮನಿಸಿ, ಅಲ್ಲಿ ಒಂದೇ ಅಕ್ಷವನ್ನು ಹಿಗ್ಗಿಸುವ ಅವಕಾಶ ಇರುತ್ತದೆ. ಕಣ್ಣಿಗೆ ಲಂಬ ಕಂಡಿತು ಅಂತ ಲೆಕ್ಕವನ್ನು ಒಪ್ಪಿಕೊಳ್ಳಲೂಬಾರದು, 88 ಡಿಗ್ರಿಯೂ ಕಣ್ಣಿಗೆ 90ರಂತೆಯೇ ಕಾಣುತ್ತದೆ.

ನೀವೇ ಮಾಡಿ ನೋಡಿ

ಉತ್ತರ ಜೊತೆಗೇ ಕೊಟ್ಟಿದ್ದೇನೆ, ಮುಚ್ಚಿಕೊಂಡು ಮಾಡಿ.

y = −4x + 1 ಕ್ಕೆ ಲಂಬ, (8, 3) ಮೂಲಕ. ಉತ್ತರ: ಇಳಿಜಾರು 1/4, ಸಮೀಕರಣ x − 4y + 4 = 0.

x/3 − y/2 = 1 ರೇಖೆ x ಅಕ್ಷವನ್ನು ಕಡಿಯುವ ಜಾಗದಲ್ಲಿ ಅದಕ್ಕೆ ಲಂಬ. ಉತ್ತರ: ಮೊದಲು 2x − 3y = 6 ಮಾಡಿಕೊಳ್ಳಿ. ಕಡಿಯುವ ಬಿಂದು (3, 0). ಲಂಬ 3x + 2y = 9.

kx + 3y = 5 ಮತ್ತು 2x − 5y = 1 ಲಂಬವಾಗಬೇಕಾದರೆ k ಎಷ್ಟು? ಉತ್ತರ: ಎರಡು ರೇಖೆ ಲಂಬವಾಗಲು x ಸಹಗುಣಕಗಳ ಗುಣಲಬ್ಧ, y ಸಹಗುಣಕಗಳ ಗುಣಲಬ್ಧ ಎರಡನ್ನೂ ಕೂಡಿದರೆ ಸೊನ್ನೆ ಬರಬೇಕು. m₁m₂ = −1 ರಲ್ಲಿ −a₁/b₁, −a₂/b₂ ಹಾಕಿ ಬಿಡಿಸಿದರೆ ಇದೇ ಸಿಗುತ್ತದೆ. 2k − 15 = 0, k = 7.5.

(2, 7) ಮತ್ತು (−4, 7) ರ ಲಂಬಾರ್ಧಕ. ಉತ್ತರ: x = −1.

ಕೊನೆಯದು ಸ್ವಲ್ಪ ದೊಡ್ಡದು. ಅ(1, 1), ಬ(4, 3), ಕ(2, 6) ಲಂಬಕೋನ ತ್ರಿಭುಜವಾ? ಹೌದಾದರೆ, ನಾಲ್ಕನೆಯ ಯಾವ ಬಿಂದು ಸೇರಿಸಿದರೆ ಚೌಕವಾಗುತ್ತದೆ? ಅಬ ಹೆಜ್ಜೆ (3, 2). ಬಕ ಹೆಜ್ಜೆ (−2, 3). ಎರಡನೆಯದು ಮೊದಲನೆಯದನ್ನು ತಿರುಗಿಸಿದ್ದೇ, ಅಂಕಿಗಳು ಅವೇ, ಜಾಗ ಬದಲಾಗಿದೆ, ಒಂದು ಚಿಹ್ನೆ ಬದಲಾಗಿದೆ. ಹಾಗಾಗಿ ಬ ಯಲ್ಲಿ ಲಂಬಕೋನ ಇದೆ, ಎರಡೂ ಬಾಹುಗಳ ಉದ್ದವೂ ಒಂದೇ, √13. ಅ ಯಿಂದ ಬಕ ಯ ಹೆಜ್ಜೆಯನ್ನೇ ಇಟ್ಟರೆ ನಾಲ್ಕನೆಯ ಮೂಲೆ (1 − 2, 1 + 3), ಅಂದರೆ (−1, 4). ಕ ಯಿಂದ ಅಬ ಹೆಜ್ಜೆಯನ್ನು ಹಿಂದಕ್ಕೆ ಇಟ್ಟು ನೋಡಿ: (2 − 3, 6 − 2), ಅದೂ (−1, 4).